ಕಮಾನು ಭಾಗ್ಯ

(ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ರಕ್ಷಾ ಸಮಿತಿಯ ಸಭೆ. ಹನ್ನೊಂದಕ್ಕೆ ಕರೆದದ್ದು, ಅಧ್ಯಕ್ಷರು ಬಂದದ್ದು ಎರಡಕ್ಕೆ.)

ಅಧ್ಯಕ್ಷರು: ಡಾಕ್ಟ್ರೇ, 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗಿಂದ ಆಸ್ಪತ್ರೆ ವಿಚಾರದಲ್ಲಿ ಊರಿನೋರ ಮಾತೂ ನಡೀಬೇಕು ಅಂತಿದೆ. ಅನ್‌ಟೈಡ್ ಫಂಡ್ ಬಂದಿದೆ. ಏನು ಬೇಕು, ಹೇಳಿ.

ವೈದ್ಯಾಧಿಕಾರಿ: ಲಸಿಕೆ ಫ್ರಿಜ್‌ಗೊಂದು ಇನ್ವರ್ಟರ್ ಬ್ಯಾಟರಿ ಸಾರ್. 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಕರೆಂಟು ಹೋದ್ರೆ ಕಷ್ಟ.

ಅಧ್ಯಕ್ಷರು: ಬ್ಯಾಟರಿ ಮೇಲೆ ನನ್ನ ಹೆಸರು ಬರೆಸ್ಬಹುದಾ?

ವೈದ್ಯಾಧಿಕಾರಿ: ಬರೆಸ್ಬಹುದು. ಆದ್ರೆ ಅದು ಮೇಜಿನ ಕೆಳಗಿರುತ್ತೆ.

ಅಧ್ಯಕ್ಷರು: ಹಾಗಾದ್ರೆ ಬೇಡ. ಗೇಟಿಗೊಂದು ಕಮಾನು ಕಟ್ಸೋಣ.

ಆಶಾ ಕಾರ್ಯಕರ್ತೆ: ಅಣ್ಣಾ, ಹೆರಿಗೆ ಕೋಣೆ ಬಾಗಿಲಿಗೆ ಚಿಲಕ ಇಲ್ಲ...

ಅಧ್ಯಕ್ಷರು: ಕಮಾನು ನೋಡೋಕೆ ಎಲ್ಲಾ ಹೊರಗೇ ನಿಂತಿರ್ತಾರೆ. ಚಿಲಕ ಯಾಕಮ್ಮ?

ಬಾಮೈದ: ಮೂರು ಕೊಟೇಶನ್ ತಂದಿದ್ದೀನಿ ಭಾವ. ಮೂರೂ ನಮ್ಮವೇ.

ವೈದ್ಯಾಧಿಕಾರಿ: ಆಡಿಟ್‌ನೋರು ಕೇಳ್ತಾರೆ ಸಾರ್.

ಅಧ್ಯಕ್ಷರು: ‘ರೋಗಿಗಳಿಗೆ ನೆರಳಿನ ವ್ಯವಸ್ಥೆ’ ಅಂತ ಬರೀರಿ. ರಾತ್ರಿ ಹೆಸರು ಕಾಣೋ ಹಾಗೆ ಲೈಟೂ ಇರ್ಲಿ.

ವೈದ್ಯಾಧಿಕಾರಿ: ಕರೆಂಟು ಹೋದ್ರೆ?

ಅಧ್ಯಕ್ಷರು: ಹೌದಲ್ಲ! ಕಮಾನಿಗೊಂದು ಇನ್ವರ್ಟರ್ ಬ್ಯಾಟರಿ. ಸರ್ವಾನುಮತ, ಬರ್ಕೊಳ್ಳಿ!