ರಂಗದ ಮೇಲೆ ಪ್ರಾಣಕಾಂತ, ಒಳಗೆ ಅಣ್ಣ

ನ್ಯಾಮತಿ ಸೀಮೆಯ ನಮ್ಮೂರ ಜಾತ್ರೆ ನಾಟಕದಲ್ಲಿ ನಾನೊಮ್ಮೆ ಹೀರೋ ಆಗಿದ್ದೆ. ಪ್ರತಿಭೆಯಿಂದಲ್ಲ, ಪಟ್ಟಿ ಕೊಟ್ಟು. ಊರ ನಾಟಕದಲ್ಲಿ ಪಾತ್ರಕ್ಕೆ ತಕ್ಕ ಪಟ್ಟಿ: ಹೀರೋಗೆ ಹೆಚ್ಚು, ಖಳನಾಯಕನಿಗೆ ಸ್ವಲ್ಪ ಕಮ್ಮಿ, ಕೊನೆಯ ಸೀನಿನಲ್ಲಿ ಬೇಡಿ ಹಿಡಿದು ಬರುವ ಪೊಲೀಸಪ್ಪನಿಗೆ ತೀರಾ ಕಮ್ಮಿ. ಅಡಿಕೆಗೆ ರೇಟು ಬಂದ ವರ್ಷವಾದ್ದರಿಂದ ಅಪ್ಪ ತುಟಿಪಿಟಕ್ಕೆನ್ನದೆ ಎಣಿಸಿಕೊಟ್ಟ.

ಎರಡು ತಿಂಗಳು ತಾಲೀಮು. ಹೀರೋಯಿನ್ ಮಾತ್ರ ಹೊರಗಿನಿಂದ ಕರೆಸುವ ವೃತ್ತಿನಟಿ, ನಾಟಕದ ದಿನವೇ ಬರುವುದು ರೂಢಿ. ಅಲ್ಲಿಯವರೆಗೆ ಅವಳ ಮಾತನ್ನು ಹಾರ್ಮೋನಿಯಂ ಮಾಸ್ತರು ಓದುತ್ತಿದ್ದರು. ಹೀಗಾಗಿ ನಾನು ಅರವತ್ತು ರಾತ್ರಿ ಪ್ರೇಮ ನಿವೇದಿಸಿದ್ದು ಪೊದೆಮೀಸೆಯ, ಎಲೆಅಡಿಕೆ ಮೆಲ್ಲುವ ಒಬ್ಬ ಗಂಡಸಿಗೆ.

ಜಾತ್ರೆಯ ದಿನ ಸಂಜೆ ಐದಕ್ಕೆ ದಾವಣಗೆರೆ ಬಸ್ಸಿನಿಂದ ಒಂದು ಸೂಟ್‌ಕೇಸ್ ಹಿಡಿದು ಆಕೆ ಇಳಿದರು. ನಾನು ಪಾತ್ರದ ಒಳತೋಟಿಯ ಬಗ್ಗೆ ಚರ್ಚಿಸಲು ಸಿದ್ಧನಾಗಿ ನಿಂತಿದ್ದೆ. ಆಕೆ ಕೇಳಿದ್ದು ಮೂರೇ: "ಬಾಕಿ ದುಡ್ಡು ಯಾರು ಕೊಡ್ತೀರಿ? ಬಾತ್‌ರೂಮ್ ಎಲ್ಲೈತಿ? ಬೆಳಗ್ಗೆ ಫಸ್ಟ್ ಬಸ್ ಎಷ್ಟೊತ್ತಿಗಣ್ಣ?" ಮರುರಾತ್ರಿ ಜಗಳೂರು ಕಡೆ ನಾಟಕವಿತ್ತು, ಅದರ ಮರುರಾತ್ರಿ ಚನ್ನಗಿರಿ ಕಡೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನಾಟಕದವರ ಲೆಕ್ಕದಲ್ಲಿ ಇವೆಲ್ಲ ಎಂದೋ ಒಂದೇ ಜಿಲ್ಲೆ.

ದಾವಣಗೆರೆಯೆಂದರೆ ವೃತ್ತಿರಂಗಭೂಮಿಯ ನಟಿ ಚಿಂದೋಡಿ ಲೀಲಾ ಅವರ ಊರು. ಅವರ ಮನೆತನದ ಕೆ.ಬಿ.ಆರ್. ನಾಟಕ ಕಂಪನಿಯ 'ಪೊಲೀಸನ ಮಗಳು' ಸಾವಿರಕ್ಕೂ ಹೆಚ್ಚು ಪ್ರದರ್ಶನ ಕಂಡಿತು. 1988ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಾವಿರ ರಾತ್ರಿ ಅದೇ ಮಾತು, ಅದೇ ಅಳು! ನನಗೋ ಒಂದು ರಾತ್ರಿಗೇ ಹೊಟ್ಟೆ ಕೆಟ್ಟಿತ್ತು. ಬೆಂಗಳೂರಿನಲ್ಲಿ 'ಹವ್ಯಾಸಿ' ಎನ್ನುವುದು ಗೌರವದ ಮಾತು. ಕೈಲಾಸಂ ಅವರಂಥವರು ನಡೆದ ದಾರಿ ಅದು. ನಮ್ಮ ಕಡೆ ಹವ್ಯಾಸಿ ಎಂದರೆ ದುಡ್ಡು ಕೊಟ್ಟು ಬಣ್ಣ ಹಚ್ಚಿಕೊಳ್ಳುವವನು, ವೃತ್ತಿಯವರೆಂದರೆ ದುಡ್ಡು ಎಣಿಸಿಕೊಂಡ ಮೇಲೆ ಹಚ್ಚಿಕೊಳ್ಳುವವರು.

ರಾತ್ರಿ ಹನ್ನೊಂದಕ್ಕೆ ಪರದೆ ಎದ್ದಿತು. ಎರಡನೇ ಅಂಕದಲ್ಲಿ, ಎರಡು ಪುಟದ ನನ್ನ ಘನವಾದ ಡೈಲಾಗಿನ ಹೊಸ್ತಿಲಲ್ಲಿ, ತಲೆ ಒರೆಸಿಟ್ಟ ಸ್ಲೇಟಾಯಿತು. ಸೈಡ್‌ವಿಂಗಿನಲ್ಲಿ ಪ್ರಾಂಪ್ಟರ್ ಬೀಡಿ ಹಚ್ಚುತ್ತಿದ್ದ. ಮುಂದಿನ ಸಾಲಿನಲ್ಲಿ ಕೂತ ಅಪ್ಪ ಮಾತ್ರ ಕಾಣುತ್ತಿದ್ದ, ಪಟ್ಟಿ ವಾಪಸ್ ಕೇಳುವ ಮುಖದಲ್ಲಿ.

ಆಕೆ ನಿಧಾನಕ್ಕೆ ಹತ್ತಿರ ಬಂದು ಸೆರಗಿನ ತುದಿ ಹಿಂಡುತ್ತ ನಾಚಿದರು. "ಯಾಕೆ ಸುಮ್ಮನಾದಿರಿ, ಪ್ರಾಣಕಾಂತ? ನಮ್ಮಪ್ಪನ ಆಸ್ತಿ ಬೇಡ, ನಾನೊಬ್ಬಳೇ ಸಾಕು ಅಂತ ತಾನೆ ನಿಮ್ಮ ಮನಸ್ಸಿನಲ್ಲಿರೋದು?"

"ಹೌದು" ಎಂದೆ.

"ನಾಳೆಯೇ ತಾಳಿ ಕಟ್ಟುತ್ತೀರಾ?"

"ಹೌದು."

ಎರಡು ಪುಟ ಎರಡು ಹೌದಿನಲ್ಲಿ ಮುಗಿಯಿತು. ಜನ ಶಿಳ್ಳೆ ಹಾಕಿದರು. ಇಂಥ ಸಹಜಾಭಿನಯ ನೋಡೇ ಇಲ್ಲವೆಂದು ಸೋದರಮಾವ ಮೈಕಿನಲ್ಲಿ ಕೂಗಿ, ರಂಗ ಹತ್ತಿ ನೂರರ ನೋಟು ಪಿನ್ ಮಾಡಿದ. ನನ್ನ ಎದೆಗೆ! ಆಕೆ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಬಣ್ಣದ ಮನೆಗೆ ಬಂದಾಗ ಹೇಳಿದ್ದಿಷ್ಟೆ: "ಅಣ್ಣಾ, ಮುಂದಿನ ಸೀನಿಗೆ ಪಿಸ್ತೂಲು ಮರೀಬ್ಯಾಡ್ರಿ."

ಇನ್ನೊಂದು ಗಮನಿಸಿದೆ. ಹಾಸ್ಯದವನ ಜೊತೆಗಿನ ಜಗಳದಲ್ಲಿ ಆಕೆ ಅಡಿಕೆ ರೇಟಿನ ಮೇಲೊಂದು ಚಟಾಕಿ ಹಾರಿಸಿದರು, ಚಪ್ಪರವೇ ಅಲುಗಿತು. ಪುಸ್ತಕದಲ್ಲಿ ಅದಿರಲಿಲ್ಲ. ಕೇಳಿದರೆ, "ಚನ್ನಗಿರಿ, ನ್ಯಾಮತಿಗೆ ಅಡಿಕೆ. ಹೊನ್ನಾಳಿ ಪ್ಯಾಟೆಗೆ ಹೊಳೆ. ಜಗಳೂರಿಗೆ ಮಳೆ. ಅಲ್ಲಿ ಮಳೆ ಸುದ್ದಿ ಎತ್ತಿದ್ರೆ ನಗ್ತಾರೋ ಅಳ್ತಾರೋ, ಮುಖ ನೋಡ್ಕೊಂಡು ಎತ್ತಬೇಕು" ಎಂದು ಕೋಲ್ಡ್ ಕ್ರೀಮು ಹಚ್ಚಿ ಹೀರೋಯಿನ್ನನ್ನು ಒರೆಸತೊಡಗಿದರು. ಫಸ್ಟ್ ಬಸ್ಸಿಗೆ ಹೋದರು. ನಾನು ಮೂರು ದಿನ ಬಣ್ಣ ಪೂರ್ತಿ ತೊಳೆಯಲಿಲ್ಲ. ಹುಬ್ಬಿನ ಕಪ್ಪನ್ನಂತೂ ವಾರ ಉಳಿಸಿಕೊಂಡೆ.

ಎಷ್ಟೋ ವರ್ಷಗಳ ಮೇಲೆ ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಆಕೆ ಕಂಡರು. ಅದೇ ಥರದ ಸೂಟ್‌ಕೇಸು. ಓಡಿಹೋಗಿ, "ನ್ಯಾಮತಿ ಕಡೆ ನಾಟಕದಲ್ಲಿ ನಿಮ್ಮ ಹೀರೋ ಆಗಿದ್ದೆ" ಎಂದೆ.

"ಓ! ಮಾತು ಮರೆತ ಹೀರೋ ಅಲ್ವಾ?"

ರೋಮಾಂಚನವಾಯಿತು. "ಇಷ್ಟು ವರ್ಷ ನೆನಪಿಟ್ಟಿದ್ದೀರಲ್ಲಮ್ಮ!"

"ಇಲ್ಲಣ್ಣ," ಎಂದರು ಬಸ್ಸಿನ ಬೋರ್ಡು ನೋಡುತ್ತ, "ಎಲ್ಲಾ ಊರಾಗೂ ಮರೀತಾರೆ."