ಕೆಎ 32: ಒಂದು ಶಾಸ್ತ್ರೀಯ ಜಿಜ್ಞಾಸೆ

ಬಹಮನಿಗಳ ಕೋಟೆಯ ಕಲ್ಲುಗಳನ್ನು ಬಿಡದೆ ಓದಿದ ನಮ್ಮ ವಿದ್ವಾಂಸರು ಕಲಬುರಗಿಯ ಜಗತ್ ವೃತ್ತದಲ್ಲಿ ಹಗಲಿಡೀ ಓಡಾಡುವ ಒಂದು ಶಾಸನವನ್ನು ಮಾತ್ರ ಓದದೆ ಬಿಟ್ಟಿದ್ದಾರೆ. ಟಂಟಂ, ಬೈಕು, ಬಸ್ಸು ಎನ್ನದೆ ಎಲ್ಲದರ ಹಣೆಯ ಮೇಲೂ ಇರುವ ಆ ಶಾಸನ ‘ಕೆಎ 32’. ಎರಡಕ್ಷರ, ಎರಡಂಕಿ, ಭಾಷ್ಯಗಳೋ ಬೇಕಾದಷ್ಟು.

ಸಾರಿಗೆ ಮತ: 1988ರ ಮೋಟಾರು ವಾಹನ ಕಾಯ್ದೆಯೇ ಇವರಿಗೆ ವೇದ. ಅದು ಜಾರಿಗೆ ಬಂದದ್ದು 1989ರ ಜುಲೈ 1ಕ್ಕೆ. ಕೆಎ ಎಂದರೆ ಕರ್ನಾಟಕ, 32 ಎಂದರೆ ಕಲಬುರಗಿ ಆರ್‌ಟಿಒ. ಮುಂದೆ ‘ಎಫ್’ ಕಂಡರೆ ಸರ್ಕಾರಿ ಬಸ್ಸು, ಕೈ ಮಾಡಬಹುದು. ಕಮಲಾಪುರ ಈಗ ಸ್ವಂತ ತಾಲ್ಲೂಕಾಗಿದೆ, ಅದರ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯೂ ದಕ್ಕಿದೆ. ಆದರೆ ಆ ಬಾಳೆಗೊನೆ ಹೊತ್ತ ಕಮಲಾಪುರದ ಗಾಡಿಗೆ ಇನ್ನೂ 32ರ ಹಂಗೇ.

ವೈಮಾನಿಕ ಮತ: ಇದು ಗಹನವಾದದ್ದು. ರಷ್ಯಾದ ನಿಕೊಲಾಯ್ ಕಾಮೊವ್ ಅವರ ಹೆಸರಿನ ಸಂಸ್ಥೆ ತನ್ನ ಹೆಲಿಕಾಪ್ಟರುಗಳಿಗೆ ‘ಕೆಎ’ ಎಂದೇ ನಾಮಕರಣ ಮಾಡಿತು. ಕೆಎ-32ಕ್ಕೆ ಒಂದರ ಮೇಲೊಂದು ಎರಡು ರೆಕ್ಕೆಚಕ್ರ. ಎರಡೂ ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಬಾಲದಲ್ಲಿ ಚಕ್ರದ ಗೊಡವೆಯಿಲ್ಲ. ನೇತುಹಾಕಿಕೊಂಡು 5 ಟನ್ ಎತ್ತುತ್ತದೆ. ನಮ್ಮ ಟಂಟಂಗಳಲ್ಲೂ ಜನ ನೇತಾಡುವುದುಂಟು. ಸಾಮ್ಯ ಅಷ್ಟಕ್ಕೇ ನಿಲ್ಲುತ್ತದೆ.

ಆದರೆ ಸಂಖ್ಯೆಗಳ ಹೊಂದಿಕೆಯನ್ನು ಕಾಕತಾಳೀಯವೆಂದು ತಳ್ಳಿಹಾಕುವಂತಿಲ್ಲ. ಧಾರವಾಡ 25, ಗದಗ 26, ಹಾವೇರಿ 27, ವಿಜಯಪುರ 28, ಬಾಗಲಕೋಟೆ 29, ಶಿರಸಿ 31: ಇಷ್ಟೂ ಸಂಖ್ಯೆಗೆ ಒಂದೊಂದು ಕಾಮೊವ್ ಹೆಲಿಕಾಪ್ಟರ್ ಇದೆ. ವಿಜಯಪುರದ 28, ಶಿರಸಿಯ 31 ನಮ್ಮ ನೌಕಾಪಡೆಯಲ್ಲೇ ಹಾರಾಡಿವೆ. ನಡುವಿನ 30 ಮಾತ್ರ ಹಿಮದ ಮೇಲೆ ಜಾರುವ ಬಂಡಿ. ನೌಕಾನೆಲೆಯಿರುವ ಕಾರವಾರಕ್ಕೇ ಅದು ಬರಬೇಕೆ? ವಿಧಿಲೀಲೆ!

ಆಕಾಶ ಮತ: ‘ಕೆಎ’ ಎಂಬುದೊಂದು ರೇಡಿಯೊ ತರಂಗಪಟ್ಟಿ. ದೂರದ ಗ್ರಹಗಳತ್ತ ಹೋದ ನೌಕೆಗಳು ಭೂಮಿಗೆ ವರದಿ ಒಪ್ಪಿಸಲು ಅದರಲ್ಲಿ ಮೀಸಲಾದ ಜಾಗ ಸರಿಸುಮಾರು 32 ಗಿಗಾಹರ್ಟ್ಸ್. ಅಂದರೆ ಅಂತರಿಕ್ಷವೂ ಮಾತಾಡುವುದು ಕಲಬುರಗಿ ಪಾಸಿಂಗಿನಲ್ಲೇ.

ರಸಾಯನ ಮತ: ಕೆಎ ಎಂದರೆ ಆಮ್ಲದ ಬಲ ಅಳೆಯುವ ಸ್ಥಿರಾಂಕ. ತೊಗರಿಬೇಳೆ ಸಾರಿಗೆ ಹುಣಸೆ ಎಷ್ಟು ಎಂಬ ಪ್ರಶ್ನೆಗೆ ಅದು ಉತ್ತರಿಸದ ಕಾರಣ ಈ ಮತವನ್ನು ಇಲ್ಲಿಗೇ ಕೈಬಿಡಲಾಗಿದೆ.

ಜನಮತ: ಬೆಂಗಳೂರಿನ ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವ ಫಲಕ ನೋಡಿ, “ಕಲಬುರ್ಗಿ ಗಾಡಿ ಏನ್ರೀ? ಯಾವೂರ್ರಿ ನಿಮ್ದು?” ಎನ್ನುತ್ತಾನೆ. “ಕಮಲಾಪುರರೀ.” “ಹಂಗಾದ್ರ ನಮ್ಮೋರೇ ಬಿಡ್ರಿ!” ಹಿಂದಿನ ಕಾರು ಹಾರನ್ ಹೊಡೆಯುತ್ತದೆ. ಮೇಲಿನ ಯಾವ ಪಂಥವೂ ಹೇಳದ ಅರ್ಥವಿದು.

ಸಿದ್ಧಾಂತ: ಗುಲ್ಬರ್ಗ 2014ರ ನವೆಂಬರ್ 1ರಂದು ಕಲಬುರಗಿಯಾಯಿತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ರೈಲು ನಿಲ್ದಾಣದ ‘ಜಿಆರ್’ ಹೋಗಿ ‘ಕೆಎಲ್‌ಬಿಜಿ’ ಬಂತು. 2019ರ ನವೆಂಬರಿನಲ್ಲಿ ತೆರೆದ ವಿಮಾನ ನಿಲ್ದಾಣದ ಸಂಕೇತ ‘ಜಿಬಿಐ’ ಇನ್ನೂ ಹಳೆಯ ಹೆಸರನ್ನೇ ಜಪಿಸುತ್ತಿದೆ. ಈ ಎಲ್ಲ ಗದ್ದಲದಲ್ಲಿ ಕೆಎ 32 ಮಾತ್ರ ಅಲುಗಲಿಲ್ಲ. ಹೆಸರಿಗೆ ಅರ್ಥವಿತ್ತು, ಅದಕ್ಕೇ ಬದಲಿಸಬೇಕಾಯಿತು. ಸಂಕೇತಕ್ಕೆ ಸ್ವಂತ ಅರ್ಥವೇ ಇಲ್ಲ, ಓದುವವರ ಇಲಾಖೆ ಯಾವುದೋ ಅದೇ ಅರ್ಥ. ಆದ್ದರಿಂದ ಅದು ಬಾಳಿತು.

ಓದುಗರಲ್ಲಿ ವಿನಂತಿ: ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದಾಗ, ಇದು ಬೈಕಲ್ಲ, ಕಾಮೊವ್ ಹೆಲಿಕಾಪ್ಟರ್ ಎಂದು ವಾದಿಸಬೇಡಿ. ಪೊಲೀಸರು ಕಟ್ಟಾ ಸಾರಿಗೆ ಮತದವರು.