ಅಡ್ಮಿನ್ ಚಿಕ್ಕಪ್ಪ

ಪ್ರತಿ ಮನೆತನದ ವಾಟ್ಸಾಪ್ ಗ್ರೂಪಿನಲ್ಲೂ ಒಬ್ಬ ಅಡ್ಮಿನ್ ಚಿಕ್ಕಪ್ಪ ಇರುತ್ತಾರೆ. ನಿಮ್ಮಲ್ಲಿ ಇಲ್ಲವೆಂದರೆ ಆ ಕುರ್ಚಿಯಲ್ಲಿ ಭಾವನೋ ಸೋದರಮಾವನೋ ಕೂತಿದ್ದಾರೆ ಎಂದರ್ಥ. ಬಹುಪಾಲು ಬ್ಯಾಂಕಿನಿಂದಲೋ ಹೈಸ್ಕೂಲಿನಿಂದಲೋ ನಿವೃತ್ತರಾದವರು. ನೌಕರಿಯುದ್ದಕ್ಕೂ ಸುತ್ತೋಲೆ ಓದಿದರು, ಈಗ ಹೊರಡಿಸುತ್ತಾರೆ. ‘ಗ್ರೂಪಿನಲ್ಲಿ ರಾಜಕೀಯ ಬೇಡ’ ಎಂಬ ನಿಯಮ ಅವರದೇ, ಅದನ್ನು ಮುರಿಯುವ ಹಕ್ಕೂ ಅವರೊಬ್ಬರದೇ.

ಬೆಳಗಿನ ಐದೂವರೆಗೆ ಶುಭೋದಯ. ಒಂದು ಹೂವು, ಒಬ್ಬ ಸೂರ್ಯ, ಕೆಳಗೆ ವಿವೇಕಾನಂದರು ಎಂದೂ ಆಡದ ಒಂದು ಮಾತು. ಆಮೇಲೆ ಕಾಫಿ ಕುಡಿಯುತ್ತಾ ಹಾಜರಿ. ಮೆಸೇಜನ್ನು ಒತ್ತಿ ಹಿಡಿದು ‘ಇನ್ಫೋ’ ತೆಗೆದರೆ ಯಾರು ಓದಿದರು, ಯಾವಾಗ ಓದಿದರು, ಎಲ್ಲ ಗಂಟೆ ನಿಮಿಷದ ಸಮೇತ. ಜಾಣ ಸೊಸೆಯಂದಿರು ನೀಲಿ ಟಿಕ್ ಆಫ್ ಮಾಡಿಟ್ಟಿರುತ್ತಾರೆ, ನಿಜ. ಆದರೆ ವಾಟ್ಸಾಪಿನಲ್ಲಿ ಆ ಉಪಾಯ ಇಬ್ಬರ ನಡುವಿನ ಮಾತಿಗಷ್ಟೇ, ಗ್ರೂಪಿನಲ್ಲಿ ನಡೆಯದು. ಇದು ಸೊಸೆಯಂದಿರಿಗೆ ಗೊತ್ತಿಲ್ಲ, ಚಿಕ್ಕಪ್ಪನಿಗೆ ಗೊತ್ತು.

“6.10ಕ್ಕೇ ನೋಡಿದ್ದೀಯಲ್ಲಮ್ಮ, ಒಂದು ಕೈಮುಗಿಯೋ ಬೊಂಬೆ ಹಾಕೋಕೆ ಏನಾಗಿತ್ತು?”

ಸಾವಿನ ಸುದ್ದಿ ಬಂದರೆ ಮೊದಲ ‘ಓಂ ಶಾಂತಿ’ ಅವರದೇ. ಹಿಂದೆಯೇ ಉಳಿದವರ ಕಾಪಿ-ಪೇಸ್ಟ್ ಸಾಲು. ನಡುವೆ ಯಾರದೋ ಮಗುವಿನ ಹುಟ್ಟುಹಬ್ಬದ ಕೇಕು ನುಸುಳಿ, ಕೊನೆಯ ನಾಲ್ಕು ಓಂ ಶಾಂತಿಗಳು ಪಾಪ ಆ ಮಗುವಿಗೆ ಸಂದಾಯವಾಗುತ್ತವೆ. ಒಂದು ಮಾತು ಹೇಳಲೇಬೇಕು, ಮಾರನೆಯ ದಿನ ಬಸ್ಸು ಹತ್ತಿ ಹೋಗಿ ಆ ಸಾವಿನ ಮನೆಯಲ್ಲಿ ಕೂತು ಬರುವವರೂ ಅವರೊಬ್ಬರೇ.

ಜನಗಣಮನವನ್ನು ಯುನೆಸ್ಕೊ ಜಗತ್ತಿನ ಶ್ರೇಷ್ಠ ರಾಷ್ಟ್ರಗೀತೆಯೆಂದು ಸಾರಿದೆ ಎಂಬ ಸುಳ್ಳು, ಊರ ಜಾತ್ರೆಯಂತೆ ತಪ್ಪದೆ ಅವರ ಕೈಯಿಂದ ಮರಳಿ ಬರುತ್ತದೆ. “ಸುಳ್ಳಾದರೇನಪ್ಪ, ಒಳ್ಳೇದೇ ತಾನೆ?” ಎಲ್ಲ ಸುಳ್ಳೂ ಅಷ್ಟು ಸಾಧುವಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿ ಹೈದರಾಬಾದಿನ ಯುವ ಇಂಜಿನಿಯರೊಬ್ಬನ ಜೀವ ತೆಗೆಯಿತು. ಫಾರ್ವರ್ಡ್ ಮಾಡಿದವರಲ್ಲಿ ಇಂಥ ಚಿಕ್ಕಪ್ಪಂದಿರೂ ಇದ್ದಿರಬಹುದು, ಒಳ್ಳೆಯ ಮನಸ್ಸಿನಿಂದಲೇ. ಅದೇ ತಿಂಗಳು, ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಎಂದು ಕಂಪನಿ ಮಿತಿ ಹಾಕಿತು. ಚಿಕ್ಕಪ್ಪ ಜಗ್ಗಲಿಲ್ಲ, ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿಕೊಂಡರು.

ಎಡವಟ್ಟಾದದ್ದು ಅಲ್ಲೇ. ಬ್ರಾಡ್‌ಕಾಸ್ಟ್ ತಲುಪುವುದು ಕಳಿಸಿದವರ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ. ಯಾರಿಗೆ ತಲುಪಿಲ್ಲ ಎಂದು ನೋಡಿದರೆ ಸಿಕ್ಕವರು ಯಾರು? ಹೆಗಲ ಮೇಲೆ ಹೊತ್ತು ತೇರು ತೋರಿಸಿದ ಅಣ್ಣನ ಮಗ, ಓದಿನ ಸಾಲಕ್ಕೆ ಜಾಮೀನು ಹಾಕಿಸಿಕೊಂಡ ಅಕ್ಕನ ಮಗಳು. ಗ್ರೂಪಿನಲ್ಲಿ ದಿನಾ ಕೈಮುಗಿಯುವವರ ಫೋನಿನಲ್ಲಿ ಚಿಕ್ಕಪ್ಪ ಬರೀ ಹತ್ತು ಅಂಕಿ! ಯಾರೊಂದಿಗೂ ಜಗಳ ಆಡಲಿಲ್ಲ. ಶುಭೋದಯವನ್ನೂ ನಿಲ್ಲಿಸಲಿಲ್ಲ.

ಈಗ ಮನೆಯಲ್ಲೊಂದು ಮದುವೆ. ‘ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ’ ಎಂದು ಪಿಡಿಎಫ್ ಲಗ್ನಪತ್ರಿಕೆ ಗ್ರೂಪಿಗೆ ಬಿದ್ದಾಗಿದೆ. ಚಿಕ್ಕಪ್ಪನಿಗೆ ಅದು ಸಾಲದು. ಚಿಕ್ಕಮ್ಮನನ್ನು ಕರೆದುಕೊಂಡು, ಅಕ್ಷತೆ ಕುಂಕುಮ ಹಿಡಿದು ಮನೆಮನೆಗೆ ಹೊರಟಿದ್ದಾರೆ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತು ಫೋನ್ ಮಾಡುತ್ತಾರೆ. ಯಾವುದೋ ಗೊತ್ತಿಲ್ಲದ ನಂಬರೆಂದು ಕಟ್ ಮಾಡೀರಿ, ಈಗಲೇ ಸೇವ್ ಮಾಡಿಕೊಳ್ಳಿ.